ಹಳೆಯ ಕಂಪ್ಯೂಟರಿನ ಪವರ್ ಸಪ್ಲೈ ಕೆಟ್ಟಾಗ

ನಿಮ್ಮ ಶಾಲೆಯ ಪ್ರಯೋಗಾಲಯದ ಬೀರುವನ್ನು ಖಾಲಿ ಮಾಡುತ್ತಿದ್ದೀರಿ ಎಂದು ಭಾವಿಸಿ. ಒಡೆದ ಬೀಕರುಗಳ ಹಿಂದೆ, ಧೂಳು ತುಂಬಿದ ಬಟ್ಟೆಯ ಕೆಳಗೆ ಕೆನೆಬಣ್ಣದ ಒಂದು ಪೆಟ್ಟಿಗೆ ಸಿಗುತ್ತದೆ. ಕೀಲಿಮಣೆಯೂ ಕಂಪ್ಯೂಟರೂ ಒಂದೇ ಪೆಟ್ಟಿಗೆಯಲ್ಲಿವೆ. ಕೀಲಿಗಳು ಕಪ್ಪು, ಮೇಲಿನ ಸಾಲಿನ ಹತ್ತು ಕೀಲಿಗಳು ಮಾತ್ರ ಕೆಂಪು. ಒಂದು ಮೂಲೆಯಲ್ಲಿ ಚುಕ್ಕೆಗಳಿಂದ ಬಿಡಿಸಿದ ಗೂಬೆಯ ಚಿತ್ರ. ಇದು ಬಿಬಿಸಿ ಮೈಕ್ರೊ. ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಕಂಪನಿ 1981ರ ಡಿಸೆಂಬರಿನಲ್ಲಿ ಹೊರತಂದ ಗೃಹ ಕಂಪ್ಯೂಟರ್.

ಕುತೂಹಲ ತಡೆಯಲಾರದೆ ನೀವು ಅದನ್ನು ಪ್ಲಗ್ಗಿಗೆ ಹಾಕುತ್ತೀರಿ. ಮೊದಲು ಒಂದು ತಗ್ಗಿನ ಸ್ವರ, ಒಡನೆಯೇ ಒಂದು ಎತ್ತರದ 'ಬೀಪ್'. ಪರದೆಯ ಮೇಲೆ 'ಬಿಬಿಸಿ ಕಂಪ್ಯೂಟರ್ 32ಕೆ' ಎಂಬ ಅಕ್ಷರಗಳು. ಸುತ್ತ ನಿಂತ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಹತ್ತು ನಿಮಿಷ ಕಳೆದಿಲ್ಲ, ಪೆಟ್ಟಿಗೆಯ ಎಡಭಾಗದಲ್ಲಿ ಚಟಚಟ ಸದ್ದು. ಗಾಳಿಕಂಡಿಗಳಿಂದ ಬಿಳಿ ಹೊಗೆ, ಮೂಗು ಕಟ್ಟುವಂಥ ವಾಸನೆ. ನೀವು ಗಾಬರಿಯಿಂದ ಸ್ವಿಚ್ಚಿನತ್ತ ಓಡುತ್ತೀರಿ. ಆದರೆ ಓಡುವಾಗ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಅಷ್ಟು ಹೊಗೆ ಬರುತ್ತಿದ್ದರೂ ಪರದೆಯ ಮೇಲಿನ ಸೂಚಕ ಎಂದಿನಂತೆ ಮಿನುಗುತ್ತಲೇ ಇದೆ!

ಹೊಗೆ ಎಲ್ಲಿಂದ ಬಂತು? ಹೊಗೆ ಬಂದರೂ ಕಂಪ್ಯೂಟರ್ ಏಕೆ ನಿಲ್ಲಲಿಲ್ಲ? ಅದನ್ನು ಗುಜರಿಗೆ ಹಾಕಬೇಕೆ, ಸರಿಪಡಿಸಬಹುದೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ ಪ್ರೌಢಶಾಲೆ ಮತ್ತು ಪದವಿಪೂರ್ವ ತರಗತಿಗಳ ವಿದ್ಯುತ್ ಪಾಠದ ಬಹುಭಾಗ ಒಂದೇ ಪೆಟ್ಟಿಗೆಯಲ್ಲಿ ನಮಗೆ ದೊರೆಯುತ್ತದೆ.

ಇದು ನಮ್ಮ ಶಾಲೆಗಳಿಗೆ ಬಂದದ್ದು ಹೇಗೆ?

ಬ್ರಿಟನ್ನಿನ ಪ್ರಸಾರ ಸಂಸ್ಥೆ ಬಿಬಿಸಿ, ಜನಸಾಮಾನ್ಯರಿಗೆ ಕಂಪ್ಯೂಟರ್ ಕಲಿಸಲೆಂದು 1982ರ ಜನವರಿಯಲ್ಲಿ ಟಿವಿ ಪಾಠಮಾಲೆಯೊಂದನ್ನು ಆರಂಭಿಸಿತು. ಅದಕ್ಕಾಗಿಯೇ ಈ ಯಂತ್ರವನ್ನು ಆರಿಸಿಕೊಂಡಿತ್ತು. ಭಾರತದಲ್ಲಿ 1984ರಲ್ಲಿ 'ಕ್ಲಾಸ್' ಎಂಬ ಯೋಜನೆ ಮೊದಲಾಯಿತು. ಶಾಲೆಗಳಲ್ಲಿ ಕಂಪ್ಯೂಟರ್ ಸಾಕ್ಷರತೆ ಮತ್ತು ಅಧ್ಯಯನ ಎಂಬುದು ಅದರ ಹೆಸರಿನ ಅರ್ಥ. ಮೊದಲ ಹಂತದಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೊಗಳನ್ನು ಕೊಡಲಾಯಿತು. ಅನೇಕ ಭಾರತೀಯ ಮಕ್ಕಳು ಮೊದಲು ಮುಟ್ಟಿದ ಕಂಪ್ಯೂಟರ್ ಇದೇ.

ಇನ್ನೊಂದು ಸಂಗತಿಯನ್ನೂ ನೆನಪಿಡಿ. ಈ ಯಂತ್ರದ ವಿನ್ಯಾಸದಲ್ಲಿ ದುಡಿದ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅವರೇ ಮುಂದೆ 'ಆರ್ಮ್' ಸಂಸ್ಕಾರಕವನ್ನು ರೂಪಿಸಿದರು. ಮೊದಲ ಆರ್ಮ್ ಚಿಪ್ 1985ರಲ್ಲಿ ಕೆಲಸ ಮಾಡಿತು. ಇಂದು ನಿಮ್ಮ ಜೇಬಿನ ಮೊಬೈಲ್ ಫೋನಿನಲ್ಲಿರುವುದು ಅದೇ ವಂಶದ ಚಿಪ್. ಹಾಗಾಗಿ ಬೀರುವಿನ ಈ ಪೆಟ್ಟಿಗೆಯನ್ನು ಸುಲಭವಾಗಿ ಎಸೆಯುವಂತಿಲ್ಲ.

ಎರಡು ಬಗೆಯ ಪವರ್ ಸಪ್ಲೈ

ಕಂಪ್ಯೂಟರಿನ ಚಿಪ್‌ಗಳಿಗೆ ಬೇಕಾದುದು 5 ವೋಲ್ಟ್ ನೇರ ವಿದ್ಯುತ್ತು. ಆ ಕಾಲದ ಟಿಟಿಎಲ್ ಚಿಪ್‌ಗಳು 4.75ರಿಂದ 5.25 ವೋಲ್ಟ್‌ವರೆಗೆ ಸರಿಯಾಗಿ ಕೆಲಸ ಮಾಡುತ್ತವೆ. ಗೋಡೆಯ ಪ್ಲಗ್ಗಿನಲ್ಲಿ ದೊರೆಯುವುದು 230 ವೋಲ್ಟ್ ಪರ್ಯಾಯ ವಿದ್ಯುತ್ತು. ಇದನ್ನು ಅದಾಗಿ ಮಾರ್ಪಡಿಸುವುದೇ ಪವರ್ ಸಪ್ಲೈಯ ಕೆಲಸ. ಇದಕ್ಕೆ ಎರಡು ದಾರಿಗಳಿವೆ.

ಮೊದಲನೆಯದು ಹಳೆಯ, ನೇರವಾದ ದಾರಿ. ದೊಡ್ಡ ಕಬ್ಬಿಣದ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 8-9 ವೋಲ್ಟಿಗೆ ಇಳಿಸುತ್ತದೆ. ನಾಲ್ಕು ಡಯೋಡುಗಳ ಸೇತುವೆ ಅದನ್ನು ಏಕಮುಖಗೊಳಿಸುತ್ತದೆ. ದೊಡ್ಡ ಧಾರಕವೊಂದು ಏರಿಳಿತವನ್ನು ತಗ್ಗಿಸುತ್ತದೆ. ಕೊನೆಯಲ್ಲಿ ರೆಗ್ಯುಲೇಟರ್ ಹೆಚ್ಚುವರಿ ವಿಭವವನ್ನು ಶಾಖವಾಗಿ ಕಳೆದು 5 ವೋಲ್ಟ್ ಮಾತ್ರ ಹೊರಬಿಡುತ್ತದೆ. ಒಳಗೆ 9 ವೋಲ್ಟ್, ಹೊರಗೆ 5 ವೋಲ್ಟ್, ಪ್ರವಾಹ 1.5 ಆಂಪಿಯರ್ ಎಂದಿಟ್ಟುಕೊಳ್ಳಿ. ಕಂಪ್ಯೂಟರಿಗೆ ಸಿಗುವುದು 7.5 ವಾಟ್, ರೆಗ್ಯುಲೇಟರಿನಲ್ಲಿ ಶಾಖವಾಗಿ ಹೋಗುವುದು 6 ವಾಟ್! ಆರಂಭದ ಕೆಲವು ಬಿಬಿಸಿ ಮೈಕ್ರೊಗಳಲ್ಲಿ ಇಂಥ ಸಪ್ಲೈಗಳೇ ಇದ್ದವು. ಅವು ವಿಪರೀತ ಬಿಸಿಯಾಗುತ್ತಿದ್ದುದರಿಂದ ಬೇಗನೆ ಬದಲಾದವು.

ಎರಡನೆಯದು ಸ್ವಿಚಿಂಗ್ ವಿಧಾನ. ಬಹುಪಾಲು ಬಿಬಿಸಿ ಮೈಕ್ರೊಗಳಲ್ಲಿ ಇರುವುದು ಆಸ್ಟೆಕ್ ಕಂಪನಿಯ ಈ ಬಗೆಯ ಸಪ್ಲೈ. ಇಲ್ಲಿ 230 ವೋಲ್ಟನ್ನು ಇಳಿಸದೆಯೇ ನೇರವಾಗಿ ಏಕಮುಖಗೊಳಿಸುತ್ತಾರೆ. 230 ಎಂಬುದು ಪರಿಣಾಮಕಾರಿ ಬೆಲೆ. ಅದರ ಶಿಖರ ಬೆಲೆ 230 × 1.414, ಅಂದರೆ ಸುಮಾರು 325 ವೋಲ್ಟ್. ಈ 325 ವೋಲ್ಟ್ ನೇರ ವಿದ್ಯುತ್ತನ್ನು ಟ್ರಾನ್ಸಿಸ್ಟರ್ ಒಂದು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಜೋಡಿಸುತ್ತದೆ. ಆವರ್ತಾಂಕ ಹೆಚ್ಚಿದಷ್ಟೂ ಟ್ರಾನ್ಸ್‌ಫಾರ್ಮರ್ ಚಿಕ್ಕದಾದರೆ ಸಾಕು. ಹೀಗಾಗಿ ಇಟ್ಟಿಗೆಯಷ್ಟು ದೊಡ್ಡ ಕಬ್ಬಿಣದ ಬದಲು ಬೆಂಕಿಪೊಟ್ಟಣದಷ್ಟು ಫೆರೈಟ್ ಸಾಕಾಗುತ್ತದೆ. ಹೊರಬರುವ ವಿಭವ 5 ವೋಲ್ಟಿಗಿಂತ ಹೆಚ್ಚಾದರೆ ಅಥವಾ ಕಡಿಮೆಯಾದರೆ ಆ ಸುದ್ದಿ ಹಿಂದಕ್ಕೆ ತಲಪಿ, ಕಡಿಯುವ ಕಾಲ ತಾನಾಗಿ ಹೊಂದಿಕೊಳ್ಳುತ್ತದೆ.

ಈ ಎರಡೂ ಬಗೆಗಳು ಕೆಡುವ ರೀತಿ ಬೇರೆ ಬೇರೆ. ಇದು ಬಹಳ ಮುಖ್ಯ. ನೇರ ಬಗೆಯಲ್ಲಿ ರೆಗ್ಯುಲೇಟರ್ ಒಳಗೇ ಶಾರ್ಟ್ ಆದರೆ ಒಳಗಿನ ಪೂರ್ಣ ವಿಭವ ಕಂಪ್ಯೂಟರಿಗೆ ನುಗ್ಗುತ್ತದೆ. 1982ರಲ್ಲಿ ಬಂದು ಒಂದು ಕೋಟಿಗೂ ಹೆಚ್ಚು ಮಾರಾಟವಾದ ಕಮೊಡೋರ್ 64 ಕಂಪ್ಯೂಟರಿನ ಕುಖ್ಯಾತ ದೋಷ ಇದೇ. ಅದರ ಸಪ್ಲೈ ಯಂತ್ರದ ಹೊರಗಿರುವ ಪ್ರತ್ಯೇಕ ಪೆಟ್ಟಿಗೆ. ಅನೇಕ ಪೆಟ್ಟಿಗೆಗಳ ಒಳಗೆಲ್ಲ ಗಟ್ಟಿ ಎಪಾಕ್ಸಿ ತುಂಬಿದ್ದಾರೆ. ಬಿಸಿ ಹೊರಹೋಗದೆ, ಬಿಚ್ಚಲೂ ಆಗದೆ ವರ್ಷಗಳು ಕಳೆದಂತೆ ರೆಗ್ಯುಲೇಟರ್ ಕೆಡುತ್ತದೆ. ಆಗ 5 ವೋಲ್ಟಿಗಿಂತ ಬಹಳ ಹೆಚ್ಚು ವಿಭವ ಹರಿದು ಸ್ಮೃತಿ ಚಿಪ್‌ಗಳು ಒಂದೊಂದಾಗಿ ಸಾಯುತ್ತವೆ. ಆದ್ದರಿಂದ ನಿಮ್ಮ ಕೈಗೆ ಕಮೊಡೋರ್ ಸಿಕ್ಕರೆ, ಸಪ್ಲೈಯನ್ನು ಕಂಪ್ಯೂಟರಿಗೆ ಜೋಡಿಸುವ ಮೊದಲೇ ಅಳೆಯಿರಿ. ನೇರ ವಿದ್ಯುತ್ತಿನ ವಿಭವ 5.25 ದಾಟಿದ್ದರೆ ಜೋಡಿಸಲೇಬೇಡಿ. ಹಾಗೆಂದು ಒಮ್ಮೆ ಸರಿಯಾಗಿ ತೋರಿತು ಎಂಬುದೂ ಭರವಸೆಯಲ್ಲ. ಬಿಸಿಯಾದ ಮೇಲೆ ಕೆಡುವುದೂ ಉಂಟು. ಅಂಥ ಹಳೆಯ ಪೆಟ್ಟಿಗೆಯನ್ನು ಬಿಟ್ಟು ಹೊಸದನ್ನು ಬಳಸುವುದೇ ಜಾಣತನ.

ಸ್ವಿಚಿಂಗ್ ಬಗೆಯಲ್ಲಿ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಕಡಿಯುವ ಕ್ರಿಯೆಯೇ ನಿಲ್ಲುತ್ತದೆ. ಟ್ರಾನ್ಸ್‌ಫಾರ್ಮರ್ ಮೂಲಕ ಏನೂ ದಾಟುವುದಿಲ್ಲ, ಫ್ಯೂಸ್ ಹೋಗುತ್ತದೆ. ಹೀಗಾಗಿ ಇಲ್ಲಿ ಸಾಮಾನ್ಯವಾಗಿ ಸಾಯುವುದು ಸಪ್ಲೈ, ಉಳಿಯುವುದು ಕಂಪ್ಯೂಟರ್. ಆದರೆ ಅಪಾಯ ಇನ್ನೊಂದೆಡೆ ಇದೆ. ಈ ಪೆಟ್ಟಿಗೆಯ ಅರ್ಧ ಭಾಗದಲ್ಲಿ 325 ವೋಲ್ಟ್ ಇರುತ್ತದೆ.

ಮೊದಲು ಜೀವ, ಆಮೇಲೆ ಯಂತ್ರ

ಇಲ್ಲಿ ಸ್ವಲ್ಪ ನಿಲ್ಲೋಣ. ಪ್ಲಗ್ ಕಿತ್ತ ಮೇಲೂ ಮುಖ್ಯ ಧಾರಕದಲ್ಲಿ ಆವೇಶ ಉಳಿದಿರಬಹುದು. 100 ಮೈಕ್ರೊಫ್ಯಾರಡ್ ಧಾರಕ 325 ವೋಲ್ಟಿನಲ್ಲಿದ್ದರೆ ಅದರಲ್ಲಿರುವ ಶಕ್ತಿ ಎಷ್ಟು? ಅರ್ಧ × 0.0001 × 325 × 325, ಅಂದರೆ ಸುಮಾರು 5.3 ಜೂಲ್. ಕೈಯಿಂದ ಕೈಗೆ ಎದೆಯ ಮೂಲಕ ಹರಿದರೆ ಇದು ಆಟದ ಮಾತಲ್ಲ. ಕೆಟ್ಟ ಸಪ್ಲೈಯಲ್ಲಿ ಈ ಆವೇಶ ಖರ್ಚಾಗಲು ದಾರಿಯೇ ಇರುವುದಿಲ್ಲ. ಆದ್ದರಿಂದ ಅದು ಕೆಲಸ ಮಾಡುವ ಸಪ್ಲೈಗಿಂತಲೂ ಹೆಚ್ಚು ಅಪಾಯಕಾರಿ.

ಸ್ಕ್ರೂಡ್ರೈವರಿನಿಂದ ಧಾರಕವನ್ನು ಶಾರ್ಟ್ ಮಾಡುವ ಕೆಟ್ಟ ಅಭ್ಯಾಸ ಕೆಲವರಿಗಿದೆ. ಕಿಡಿ ಹಾರುತ್ತದೆ, ಲೋಹ ಕರಗಿ ಕಣ್ಣಿಗೆ ಸಿಡಿಯಬಹುದು. ಬದಲಿಗೆ 10 ಕಿಲೊಓಮ್, 5 ವಾಟಿನ ರೋಧಕವೊಂದಕ್ಕೆ ಚೆನ್ನಾಗಿ ಅವಾಹಕ ಹೊದಿಕೆಯುಳ್ಳ ತಂತಿಗಳನ್ನು ಬೆಸೆದು ಅದರ ಮೂಲಕ ಆವೇಶ ಇಳಿಸಿ. ಇಲ್ಲಿ ಕಾಲ ಸ್ಥಿರಾಂಕ ಓಮ್ ಮತ್ತು ಫ್ಯಾರಡ್‌ಗಳ ಗುಣಲಬ್ಧ: 10,000 × 0.0001, ಅಂದರೆ 1 ಸೆಕೆಂಡ್. ಐದು ಸೆಕೆಂಡುಗಳಲ್ಲಿ ವಿಭವ ಸುಮಾರು 2 ವೋಲ್ಟಿಗೆ ಇಳಿಯುತ್ತದೆ. ಆಮೇಲೆ ಮಲ್ಟಿಮೀಟರಿನಿಂದ ಅಳೆದು ಖಚಿತಪಡಿಸಿಕೊಳ್ಳಿ. ಅಳೆಯದೆ ಕೈ ಹಾಕಬೇಡಿ.

ಶಿಕ್ಷಕರು ಪಾಲಿಸಬೇಕಾದ ನಿಯಮ ಇಷ್ಟು. ವಿದ್ಯಾರ್ಥಿಗಳು ಮುಟ್ಟುವುದು 5 ವೋಲ್ಟ್ ಬದಿಯನ್ನು ಮಾತ್ರ. ಸಪ್ಲೈಯ ಲೋಹದ ಪೆಟ್ಟಿಗೆಯನ್ನು ಬಿಚ್ಚುವ ಕೆಲಸ ಮುಖ್ಯ ವಿದ್ಯುತ್ತಿನಲ್ಲಿ ಅನುಭವವಿರುವ ಹಿರಿಯರದು. ಅಂಥವರು ಇಲ್ಲದಿದ್ದರೆ ಟಿವಿ ರಿಪೇರಿ ಮಾಡುವ ನುರಿತ ತಂತ್ರಜ್ಞರ ನೆರವು ಪಡೆಯಿರಿ. ಆಸಿಲೊಸ್ಕೋಪ್ ಇದ್ದರೆ ಅದರ ಭೂಸಂಪರ್ಕದ ಕ್ಲಿಪ್ಪನ್ನು 325 ವೋಲ್ಟ್ ಬದಿಗೆ ಎಂದೂ ಸಿಕ್ಕಿಸಬೇಡಿ. ಕ್ಲಿಪ್ಪಿನ ಮೂಲಕವೇ ಶಾರ್ಟ್ ಆಗುತ್ತದೆ.

ಹೊಗೆಯ ಗುಟ್ಟು

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಸ್ವಿಚಿಂಗ್ ಸಪ್ಲೈ ವೇಗವಾಗಿ ಕಡಿಯುವಾಗ ರೇಡಿಯೊ ಆವರ್ತಾಂಕದ ಗದ್ದಲ ಹುಟ್ಟುತ್ತದೆ. ಅದು ಮನೆಯ ತಂತಿಗಳಿಗೆ ಹರಡಿ ನೆರೆಮನೆಯ ರೇಡಿಯೊ ಕೆಡಿಸದಂತೆ, ಒಳಬರುವ ಎರಡು ತಂತಿಗಳ ನಡುವೆ, ಅಂದರೆ ಫೇಸ್ ಮತ್ತು ನ್ಯೂಟ್ರಲ್ ನಡುವೆ, ಚಿಕ್ಕ ಧಾರಕಗಳನ್ನು ಕೂರಿಸುತ್ತಾರೆ. ಇವನ್ನು ಎಕ್ಸ್ ವರ್ಗದ ಧಾರಕಗಳು ಎನ್ನುತ್ತಾರೆ. ಬಿಬಿಸಿ ಮೈಕ್ರೊದ ಆಸ್ಟೆಕ್ ಸಪ್ಲೈಯಲ್ಲಿ ಇಂಥವು ಎರಡು: ಒಂದು 0.1 ಮೈಕ್ರೊಫ್ಯಾರಡ್, ಇನ್ನೊಂದು 0.01 ಮೈಕ್ರೊಫ್ಯಾರಡ್. ರಿಫಾ ಎಂಬ ಹೆಸರಿನ, ಅರೆಪಾರದರ್ಶಕ ಹಳದಿ-ಕಂದು ಬಣ್ಣದ ಈ ಧಾರಕಗಳು ಆ ಕಾಲದ ಅನೇಕ ಯಂತ್ರಗಳಲ್ಲಿ ಕಾಣಸಿಗುತ್ತವೆ.

ಇವುಗಳ ಒಳಗೆ ಲೋಹ ಲೇಪಿಸಿದ ಕಾಗದದ ಸುರುಳಿ, ಹೊರಗೆ ಎಪಾಕ್ಸಿ ಕವಚ ಇರುತ್ತದೆ. ದಶಕಗಳು ಕಳೆದಂತೆ ಎಪಾಕ್ಸಿಯಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಬಿರುಕಿನ ಮೂಲಕ ಗಾಳಿಯ ತೇವ ಒಳಹೋಗಿ ಕಾಗದ ಅದನ್ನು ಹೀರಿಕೊಳ್ಳುತ್ತದೆ. ಯಂತ್ರ ಬೀರುವಿನಲ್ಲಿದ್ದರೂ ಇದು ನಡೆಯುತ್ತಲೇ ಇರುತ್ತದೆ. ನಮ್ಮ ಮಲೆನಾಡು, ಕರಾವಳಿಗಳ ಮಳೆಗಾಲವನ್ನು ಕಳೆದ ಯಂತ್ರದಲ್ಲಿ ತೇವ ಎಷ್ಟಿರಬಹುದು, ಯೋಚಿಸಿ.

ಒಳ್ಳೆಯ ಸ್ಥಿತಿಯಲ್ಲಿ ಈ ಧಾರಕದ ಮೂಲಕ ಹರಿಯುವ ಪ್ರವಾಹ ಎಷ್ಟು? 50 ಹರ್ಟ್ಸ್‌ನಲ್ಲಿ 0.1 ಮೈಕ್ರೊಫ್ಯಾರಡ್ ಒಡ್ಡುವ ಪ್ರತಿರೋಧ ಸುಮಾರು 31,800 ಓಮ್. 230ನ್ನು ಇದರಿಂದ ಭಾಗಿಸಿದರೆ ಸುಮಾರು 7 ಮಿಲಿಆಂಪಿಯರ್. ಈ ಪ್ರವಾಹ ವಿಭವಕ್ಕಿಂತ ಕಾಲು ಆವರ್ತ ಮುಂದಿರುವುದರಿಂದ ಶಾಖವಾಗಿ ವ್ಯಯವಾಗುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಕಾಗದ ತೇವವಾದಾಗ ಕತೆ ಬದಲಾಗುತ್ತದೆ. ಅವಾಹಕದ ಮೂಲಕ ಸೋರುವ ಪ್ರವಾಹ ವಿಭವದ ಹಂತದಲ್ಲೇ ಇರುತ್ತದೆ, ಆದ್ದರಿಂದ ಅದು ಶಾಖವಾಗುತ್ತದೆ. ಬಿಸಿಯಾದಂತೆ ಸೋರಿಕೆ ಹೆಚ್ಚು, ಸೋರಿಕೆ ಹೆಚ್ಚಿದಂತೆ ಇನ್ನಷ್ಟು ಬಿಸಿ. ಕೊನೆಗೆ ಕಾಗದ ಸುಡುತ್ತದೆ, ಕವಚ ಸೀಳುತ್ತದೆ. ಇದೇ ನೀವು ಕಂಡ ಹೊಗೆ. ಮನೆಯ ವಿಭವ 250 ವೋಲ್ಟ್ ದಾಟುವ ಹೊತ್ತಿನಲ್ಲಿ ಈ ಕ್ರಿಯೆ ಇನ್ನೂ ಬೇಗ.

ಈಗ ಎರಡನೆಯ ಪ್ರಶ್ನೆಗೂ ಉತ್ತರ ಸಿಕ್ಕಿತು. ಎಕ್ಸ್ ಧಾರಕ 5 ವೋಲ್ಟ್ ತಯಾರಿಸುವ ಸರಪಳಿಯಲ್ಲಿ ಒಂದು ಕೊಂಡಿಯೇ ಅಲ್ಲ. ಅದು ಪಕ್ಕದಲ್ಲಿ ಸಮಾಂತರವಾಗಿ ಕುಳಿತಿದೆ. ಅದು ಸುಟ್ಟು ಒಡೆದುಹೋದರೂ ಉಳಿದ ಭಾಗ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಪೂರ್ತಿ ಶಾರ್ಟ್ ಆದರೆ ಮಾತ್ರ ಫ್ಯೂಸ್ ಹೋಗುತ್ತದೆ. ಅಂದರೆ ಹೊಗೆ ನೋಡಿ ಯಂತ್ರ ಸತ್ತಿತೆಂದು ತೀರ್ಮಾನಿಸಬೇಕಿಲ್ಲ. ಆದರೆ ಹೊಗೆಯ ಪಕ್ಕದಲ್ಲೇ ಓಡುತ್ತಿರುವ ಯಂತ್ರವನ್ನು ಹಾಗೆಯೇ ಬಿಡುವಂತೆಯೂ ಇಲ್ಲ.

ಇದರಿಂದ ಕಲಿಯಬೇಕಾದ ಪಾಠ: ಹಳೆಯ ಯಂತ್ರ ಸಿಕ್ಕೊಡನೆ ಪ್ಲಗ್ಗಿಗೆ ಹಾಕಬಾರದು. ಮೊದಲು ತೆರೆದು ನೋಡಿ, ಬಿರುಕುಬಿಟ್ಟ ಎಕ್ಸ್ ಧಾರಕಗಳನ್ನು ಬದಲಿಸಿದ ಮೇಲೆಯೇ ವಿದ್ಯುತ್ ಕೊಡಬೇಕು.

ಒಣಗುವ ಧಾರಕಗಳು

ಇನ್ನೊಂದು ಬಗೆಯ ದೋಷ ಹೊಗೆಯಿಲ್ಲದೆ, ಸದ್ದಿಲ್ಲದೆ ಬರುತ್ತದೆ. ಸಿಲಿಂಡರಿನಾಕಾರದ ಇಲೆಕ್ಟ್ರೊಲಿಟಿಕ್ ಧಾರಕಗಳಲ್ಲಿ ಅಲ್ಯೂಮಿನಿಯಂ ಹಾಳೆಗಳ ನಡುವೆ ದ್ರಾವಣದಲ್ಲಿ ನೆನೆದ ಕಾಗದವಿರುತ್ತದೆ. ರಬ್ಬರ್ ಮುಚ್ಚಳದ ಮೂಲಕ ಈ ದ್ರಾವಣ ನಿಧಾನವಾಗಿ ಆರುತ್ತದೆ. ತಾಪ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಧಾರಕದ ಆಯುಸ್ಸು ಸುಮಾರು ಅರ್ಧವಾಗುತ್ತದೆ ಎಂಬುದು ತಂತ್ರಜ್ಞರ ಲೆಕ್ಕ. ಆರಿದ ಧಾರಕದಲ್ಲಿ ಎರಡು ಬದಲಾವಣೆಗಳಾಗುತ್ತವೆ. ಧಾರಕತೆ ತಗ್ಗುತ್ತದೆ, ಆಂತರಿಕ ರೋಧ ಏರುತ್ತದೆ.

ಧಾರಕತೆ ತಗ್ಗಿದರೆ ಏನಾಗುತ್ತದೆ? ನೇರ ಬಗೆಯ ಸಪ್ಲೈಯನ್ನೇ ತೆಗೆದುಕೊಳ್ಳಿ. ಸೇತುವೆಯ ನಂತರ ಸ್ಪಂದನಗಳು ಸೆಕೆಂಡಿಗೆ 100, ಅಂದರೆ ಸ್ಪಂದನಗಳ ನಡುವೆ 0.01 ಸೆಕೆಂಡ್. ಅಷ್ಟು ಹೊತ್ತು ಧಾರಕವೇ ಕಂಪ್ಯೂಟರನ್ನು ಸಾಕಬೇಕು. 1 ಆಂಪಿಯರ್ ಹೊರೆಗೆ 4700 ಮೈಕ್ರೊಫ್ಯಾರಡ್ ಧಾರಕದ ವಿಭವ 1 × 0.01 ÷ 0.0047, ಸುಮಾರು 2.1 ವೋಲ್ಟ್ ಕುಸಿಯುತ್ತದೆ. ಶಿಖರ 11 ವೋಲ್ಟ್ ಆಗಿದ್ದರೆ ತಳ 8.9. ರೆಗ್ಯುಲೇಟರಿಗೆ ಕನಿಷ್ಠ 7 ವೋಲ್ಟ್ ಬೇಕು, ತೊಂದರೆಯಿಲ್ಲ. ಧಾರಕತೆ ಅರ್ಧವಾದರೆ ಕುಸಿತ 4.3 ವೋಲ್ಟ್, ತಳ 6.7! ಸೆಕೆಂಡಿಗೆ ನೂರು ಸಲ 5 ವೋಲ್ಟ್ ಒಂದಿಷ್ಟು ಕುಸಿಯುತ್ತದೆ. ಪರದೆಯ ಮೇಲೆ ಅಲೆಯಂಥ ಪಟ್ಟಿಗಳು ಚಲಿಸುತ್ತವೆ, ಪ್ರೋಗ್ರಾಂ ನಡುವೆ ನಿಲ್ಲುತ್ತದೆ.

ಸ್ವಿಚಿಂಗ್ ಬಗೆಯಲ್ಲಿ ಆಂತರಿಕ ರೋಧವೇ ದೊಡ್ಡ ಶತ್ರು. ಹೊರದಾರಿಯ ಧಾರಕದಲ್ಲಿ 2 ಆಂಪಿಯರಿನ ಏರಿಳಿತ ಹರಿಯುತ್ತಿದೆ ಎನ್ನಿ. ರೋಧ 0.05 ಓಮ್ ಇದ್ದಾಗ ವಿಭವದ ಏರಿಳಿತ 0.1 ವೋಲ್ಟ್. ಅದು 0.5 ಓಮ್‌ಗೆ ಏರಿದರೆ 1 ವೋಲ್ಟ್. ಮೋಸ ಇರುವುದು ಇಲ್ಲೇ. ಮಲ್ಟಿಮೀಟರ್ ಸರಾಸರಿಯನ್ನಷ್ಟೇ ತೋರಿಸುವುದರಿಂದ ಮೀಟರಿನಲ್ಲಿ 5.0 ಎಂದೇ ಕಾಣುತ್ತದೆ! ಇಂಥ ಏರಿಳಿತ ಕಾಣಲು ಆಸಿಲೊಸ್ಕೋಪ್ ಬೇಕು. ಕಡಿಮೆ ಬೆಲೆಯ ಮಲ್ಟಿಮೀಟರುಗಳು ಪರ್ಯಾಯ ವಿದ್ಯುತ್ತಿನ ವ್ಯಾಪ್ತಿಯಲ್ಲೂ ಇಷ್ಟು ಹೆಚ್ಚಿನ ಆವರ್ತಾಂಕವನ್ನು ಸರಿಯಾಗಿ ಅಳೆಯಲಾರವು.

ಆಸ್ಟೆಕ್ ಸಪ್ಲೈಯಲ್ಲಿ 220 ಮೈಕ್ರೊಫ್ಯಾರಡ್‌ನ ಒಂದು ಚಿಕ್ಕ ಇಲೆಕ್ಟ್ರೊಲಿಟಿಕ್ ಕೂಡ ಪದೇ ಪದೇ ಕೆಡುತ್ತದೆ. ಸಪ್ಲೈ ಸುಲಭವಾಗಿ ಚಾಲೂ ಆಗದಿದ್ದರೆ ಅನುಭವಿಗಳು ಎರಡು ಎಕ್ಸ್ ಧಾರಕಗಳ ಜೊತೆಗೆ ಅದನ್ನೂ ಬದಲಿಸುತ್ತಾರೆ.

ಲಕ್ಷಣ ನೋಡಿ ರೋಗ ತಿಳಿಯುವುದು

ವೈದ್ಯರು ನಾಡಿ ಹಿಡಿಯುವಂತೆ ನೀವೂ ಮೊದಲು ಲಕ್ಷಣಗಳನ್ನು ಗಮನಿಸಿ.

1. ದೀಪವಿಲ್ಲ, ಸದ್ದಿಲ್ಲ: ವಿದ್ಯುತ್ ಒಳಗೇ ಬರುತ್ತಿಲ್ಲ ಅಥವಾ ಸಪ್ಲೈ ನಿಂತಿದೆ. ಪ್ಲಗ್, ಹಗ್ಗ, ಸ್ವಿಚ್, ಫ್ಯೂಸ್ ಈ ಕ್ರಮದಲ್ಲಿ ನೋಡಿ. ಫ್ಯೂಸ್ ಹೋಗಿದ್ದರೆ ಹೊಸದನ್ನು ಹಾಕಿ ಸುಮ್ಮನಾಗಬೇಡಿ. ಅದು ಹೋದದ್ದಕ್ಕೆ ಕಾರಣ ಇರಲೇಬೇಕು.

2. 'ಟಿಕ್ ಟಿಕ್' ಸದ್ದು: ಸಪ್ಲೈ ಹೊರಡಲು ಯತ್ನಿಸಿ ಮತ್ತೆ ಮತ್ತೆ ನಿಲ್ಲುತ್ತಿದೆ. ಹೊರಗೆ ಎಲ್ಲೋ ಶಾರ್ಟ್ ಇರಬಹುದು, ಇಲ್ಲವೇ ಒಳಗಿನ ಚಿಕ್ಕ ಧಾರಕ ಒಣಗಿರಬಹುದು.

3. ತಗ್ಗಿನ ಸ್ವರ ನಿಲ್ಲದೆ ಮೊಳಗುವುದು: ಬಿಬಿಸಿ ಮೈಕ್ರೊದಲ್ಲಿ ಇದು ಒಳ್ಳೆಯ ಸುಳಿವು. ವಿದ್ಯುತ್ ಬಂದೊಡನೆ ಧ್ವನಿಯ ಚಿಪ್ ತಾನಾಗಿ ಮೊಳಗತೊಡಗುತ್ತದೆ. ಸಂಸ್ಕಾರಕ ಎಚ್ಚೆತ್ತು ಅದನ್ನು ಸುಮ್ಮನಾಗಿಸಬೇಕು. ಸ್ವರ ನಿಲ್ಲಲಿಲ್ಲವೆಂದರೆ ವಿದ್ಯುತ್ ಬಂದಿದೆ, ಆದರೆ ಸಂಸ್ಕಾರಕ ಕೆಲಸ ಮಾಡುತ್ತಿಲ್ಲ. ದೋಷ ಮುಖ್ಯ ಫಲಕದ್ದಾಗಿರಬಹುದು, ಇಲ್ಲವೇ 5 ವೋಲ್ಟ್ ಸಾಲದೆ ಇರಬಹುದು.

4. ಬಿಸಿಯಾದ ಮೇಲೆ ತಪ್ಪುವುದು: ಒಣಗಿದ ಧಾರಕ ಅಥವಾ ಸಡಿಲವಾದ ಜೋಡಣೆ.

ಹಂತ ಹಂತದ ಪರೀಕ್ಷೆ

ಪ್ಲಗ್ ಕಿತ್ತು ಪಕ್ಕಕ್ಕಿಡಿ. ಬಿಬಿಸಿ ಮೈಕ್ರೊದ ಮುಚ್ಚಳಕ್ಕೆ ಹಿಂದೆ ಎರಡು, ಅಡಿಯಲ್ಲಿ ಎರಡು ತಿರುಪುಗಳಿವೆ. ತೆರೆದರೆ ಎಡಗಡೆ ಲೋಹದ ಪೆಟ್ಟಿಗೆಯೊಳಗೆ ಸಪ್ಲೈ ಕಾಣುತ್ತದೆ. ಅದರಿಂದ ಮುಖ್ಯ ಫಲಕಕ್ಕೆ ಏಳು ತಂತಿಗಳು ಹೋಗುತ್ತವೆ. ಮೂರು ಕೆಂಪು ತಂತಿಗಳು +5 ವೋಲ್ಟ್, ಮೂರು ಕಪ್ಪು ಸೊನ್ನೆ, ನೇರಳೆ ಬಣ್ಣದ ಒಂದು -5 ವೋಲ್ಟ್. ಸರಣಿ ಸಂಪರ್ಕದಂಥ ಭಾಗಗಳಿಗೆ -5 ವೋಲ್ಟ್ ಬೇಕಾಗುತ್ತದೆ. ಕೀಳುವ ಮೊದಲು ಒಂದು ಚಿತ್ರ ತೆಗೆದಿಡಿ. ತಂತಿ ಅದಲುಬದಲಾದರೆ ಇಡೀ ಫಲಕ ಹಾಳಾಗುತ್ತದೆ.

ಮೊದಲ ಹಂತ, ಭೂಸಂಪರ್ಕ. ಪ್ಲಗ್ಗಿನ ದಪ್ಪ ಪಿನ್ನಿಗೂ ಸಪ್ಲೈಯ ಲೋಹದ ಪೆಟ್ಟಿಗೆಗೂ ನಡುವೆ ರೋಧ ಅಳೆಯಿರಿ. ಅದು 1 ಓಮ್‌ಗಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ಹಗ್ಗವನ್ನು ಸರಿಪಡಿಸುವವರೆಗೆ ಮುಂದುವರಿಯಬೇಡಿ.

ಎರಡನೆಯ ಹಂತ, ತಪ್ಪು ಯಾರದೆಂದು ತಿಳಿಯುವುದು. ಏಳು ತಂತಿಗಳನ್ನೂ ಫಲಕದಿಂದ ಕಿತ್ತು, ಫಲಕದ +5 ಮತ್ತು ಸೊನ್ನೆಯ ನಡುವೆ ರೋಧ ಅಳೆಯಿರಿ. ಸೊನ್ನೆಗೆ ತೀರ ಹತ್ತಿರವಿದ್ದರೆ ಶಾರ್ಟ್ ಇರುವುದು ಫಲಕದಲ್ಲಿ, ಸಪ್ಲೈ ನಿರಪರಾಧಿ.

ಮೂರನೆಯ ಹಂತ, ಸಪ್ಲೈಗೆ ಹುಸಿ ಹೊರೆ. ಸ್ವಿಚಿಂಗ್ ಸಪ್ಲೈಯನ್ನು ಹೊರೆಯಿಲ್ಲದೆ ಚಾಲೂ ಮಾಡಿದರೆ ಅಳತೆ ತಪ್ಪಬಹುದು. 10 ಓಮ್, 10 ವಾಟಿನ ಎರಡು ರೋಧಕಗಳನ್ನು ಸಮಾಂತರವಾಗಿ ಜೋಡಿಸಿ +5 ಮತ್ತು ಸೊನ್ನೆಯ ನಡುವೆ ಹಾಕಿ. ಒಟ್ಟು 5 ಓಮ್, ಪ್ರವಾಹ 1 ಆಂಪಿಯರ್, ಪ್ರತಿ ರೋಧಕದಲ್ಲಿ 2.5 ವಾಟ್. ಅವು ಬಿಸಿಯಾಗುತ್ತವೆ, ಮುಟ್ಟಬೇಡಿ. ಆಸ್ಟೆಕ್ ಸಪ್ಲೈಯ ಮುಖ್ಯ 5 ವೋಲ್ಟ್ ಸಾಮರ್ಥ್ಯ 3.75 ಆಂಪಿಯರ್ ಆದ್ದರಿಂದ ಇದು ಹಗುರ ಹೊರೆಯೇ.

ನಾಲ್ಕನೆಯ ಹಂತ, ಸರಣಿ ಬಲ್ಬು. ಇದು ನಮ್ಮೂರಿನ ರಿಪೇರಿ ಅಂಗಡಿಗಳಲ್ಲಿ ಎಲ್ಲರಿಗೂ ಗೊತ್ತಿರುವ 'ಸೀರೀಸ್ ಬೋರ್ಡ್'. 60 ವಾಟಿನ ಹಳೆಯ ತಂತಿ ಬಲ್ಬನ್ನು ಫೇಸ್ ತಂತಿಯಲ್ಲಿ ಸರಣಿಯಾಗಿ ಜೋಡಿಸಿರುತ್ತಾರೆ. ಒಳಗೆ ಏನೇ ಶಾರ್ಟ್ ಇದ್ದರೂ ಪ್ರವಾಹ 60 ÷ 230, ಅಂದರೆ ಸುಮಾರು 0.26 ಆಂಪಿಯರ್ ಮೀರುವುದಿಲ್ಲ. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಒಳ್ಳೆಯದು. ಮುಖ್ಯ ಧಾರಕ ತುಂಬಿಕೊಳ್ಳುವಾಗ ಬಲ್ಬು ಮಿಂಚುತ್ತದೆ. ಪೂರ್ಣ ಪ್ರಕಾಶದಿಂದ ಉರಿಯುತ್ತಲೇ ಇದ್ದರೆ ಸೇತುವೆಯ ಡಯೋಡ್, ಮುಖ್ಯ ಧಾರಕ ಅಥವಾ ಸ್ವಿಚಿಂಗ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿದೆ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು.

ಇಲ್ಲೊಂದು ಎಚ್ಚರಿಕೆ. ಹಳೆಯ ರೇಡಿಯೊಗಳಿಗೆ ಮಾಡುವಂತೆ ವೇರಿಯಾಕ್‌ನಿಂದ ವಿಭವವನ್ನು ನಿಧಾನವಾಗಿ ಏರಿಸಬಹುದಲ್ಲವೆ ಎಂದು ನೀವು ಕೇಳಬಹುದು. ಸ್ವಿಚಿಂಗ್ ಸಪ್ಲೈಗೆ ಅದು ಹಿತವಲ್ಲ. ಹೊರಗೆ ಕೊಡಬೇಕಾದ ಸಾಮರ್ಥ್ಯ ಸ್ಥಿರವಾಗಿರುವಾಗ ಒಳಗಿನ ವಿಭವ ಅರ್ಧವಾದರೆ ಅದು ದುಪ್ಪಟ್ಟು ಪ್ರವಾಹ ಎಳೆಯುತ್ತದೆ. ಓಮನ ನಿಯಮಕ್ಕೆ ತಲೆಕೆಳಗಾದ ಈ ನಡೆಯಿಂದ ಟ್ರಾನ್ಸಿಸ್ಟರ್ ಬಳಲುತ್ತದೆ. ಅದೇ ಕಾರಣಕ್ಕೆ ಬಲ್ಬಿನ ಮೂಲಕ ಕಂಪ್ಯೂಟರನ್ನು ಓಡಿಸಲೂ ಹೋಗಬೇಡಿ. ಬಲ್ಬು ಶಾರ್ಟ್ ಪತ್ತೆಗೆ ಮಾತ್ರ.

ಐದನೆಯ ಹಂತ, ಅಳತೆ. ಬಲ್ಬಿನ ಪರೀಕ್ಷೆ ದಾಟಿದರೆ ನೇರ ವಿದ್ಯುತ್ ಕೊಟ್ಟು ಹುಸಿ ಹೊರೆಯ ಮೇಲೆ 5 ವೋಲ್ಟ್ ಅಳೆಯಿರಿ. ಹದಿನೈದು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಎರಡೂ ಸಲ 4.75ರಿಂದ 5.25ರ ಒಳಗಿದ್ದರೆ ಮಾತ್ರ ಕಂಪ್ಯೂಟರಿಗೆ ಜೋಡಿಸಿ.

ಕೊನೆಯ ಹಂತ, ಜೋಡಣೆಗಳು. ಕಂಪ್ಯೂಟರ್ ಓಡುತ್ತಿರುವಾಗ ಸಪ್ಲೈಯ ತುದಿಯಲ್ಲೂ ಒಂದು ಚಿಪ್ಪಿನ ಕಾಲಿನ ಬಳಿಯೂ ಅಳೆದು ನೋಡಿ. ಚುಚ್ಚುವ ತಗಡು ಜೋಡಣೆ ಮಾಸಿ 0.1 ಓಮ್ ರೋಧ ಬಂದರೆ 2 ಆಂಪಿಯರಿಗೆ 0.2 ವೋಲ್ಟ್ ಅಲ್ಲೇ ನಷ್ಟ. ಸಪ್ಲೈ 4.9 ಕೊಟ್ಟರೂ ಚಿಪ್ಪಿಗೆ ಸಿಗುವುದು 4.7. ಸಪ್ಲೈಯನ್ನು ದೂರುವ ಮೊದಲು ಈ ತಗಡುಗಳನ್ನು ಶುಚಿಗೊಳಿಸಿ. ಅನೇಕ ಸಲ ರಿಪೇರಿ ಅಲ್ಲಿಗೇ ಮುಗಿಯುತ್ತದೆ.

ಬದಲಿ ಭಾಗಗಳು

ಎಕ್ಸ್ ಧಾರಕದ ಜಾಗಕ್ಕೆ '400 ವೋಲ್ಟ್' ಎಂದು ಬರೆದ ಯಾವುದೋ ಧಾರಕ ಹಾಕುವುದು ಅಪಾಯ. ಅದು ನೇರ ವಿದ್ಯುತ್ತಿನ ಅಳತೆ. 'ಎಕ್ಸ್2' ಎಂದು ಮುದ್ರಿತವಾದ, 275 ವೋಲ್ಟ್ ಪರ್ಯಾಯ ವಿದ್ಯುತ್ತಿನ, ಪ್ಲಾಸ್ಟಿಕ್ ಪದರದ ಧಾರಕವನ್ನೇ ತನ್ನಿ. ಸಿಡಿಲು, ಸ್ವಿಚ್ಚುಗಳಿಂದ ಬರುವ ಕ್ಷಣಿಕ ಅಧಿಕ ವಿಭವವನ್ನು ತಾಳುವಂತೆ ಮತ್ತು ಕೆಟ್ಟರೂ ಬೆಂಕಿ ಹತ್ತದಂತೆ ಅವನ್ನು ಪರೀಕ್ಷಿಸಿರುತ್ತಾರೆ. ಕಾಗದವಿಲ್ಲದ್ದರಿಂದ ತೇವದ ಭಯವೂ ಕಡಿಮೆ. ಬೆಲೆ ಕೆಲವೇ ರೂಪಾಯಿ.

ಇಲೆಕ್ಟ್ರೊಲಿಟಿಕ್‌ಗಳಿಗೆ ಅದೇ ಧಾರಕತೆ, ಅಷ್ಟೇ ಅಥವಾ ಹೆಚ್ಚಿನ ವೋಲ್ಟ್, 105 ಡಿಗ್ರಿ, ಕಡಿಮೆ ಆಂತರಿಕ ರೋಧ ಎಂದು ಕೇಳಿ ಪಡೆಯಿರಿ. ಪಟ್ಟೆಯಿರುವ ಬದಿ ಋಣ. ತಿರುಗಿಸಿ ಹಾಕಿದರೆ ಅದು ಸಿಡಿಯುತ್ತದೆ. ಕಿತ್ತ ಹಳೆಯ ಭಾಗಗಳನ್ನು ದಿನಾಂಕ ಬರೆದ ಲಕೋಟೆಯಲ್ಲಿಟ್ಟು ಯಂತ್ರದ ಜೊತೆಗೇ ಇರಿಸಿ. ಮುಂದೆ ಅದನ್ನು ತೆರೆಯುವವರಿಗೆ ಅದೇ ದಾಖಲೆ.

ತರಗತಿಯಲ್ಲಿ ಮಾಡಿನೋಡಿ

ಹಳೆಯ ಕಂಪ್ಯೂಟರ್ ಇಲ್ಲದ ಶಾಲೆಗಳೂ ಇದರ ತಿರುಳನ್ನು ಅಪಾಯವಿಲ್ಲದೆ ತೋರಿಸಬಹುದು. ಒಂದು 9 ವೋಲ್ಟ್ ಬ್ಯಾಟರಿ, ಒಂದು 1000 ಮೈಕ್ರೊಫ್ಯಾರಡ್, 16 ವೋಲ್ಟಿನ ಧಾರಕ, ಒಂದು 10 ಕಿಲೊಓಮ್ ರೋಧಕ, ಒಂದು ಮಲ್ಟಿಮೀಟರ್ ಸಾಕು. ಧಾರಕವನ್ನು ಬ್ಯಾಟರಿಯಿಂದ ತುಂಬಿ, ರೋಧಕದ ಮೂಲಕ ಇಳಿಸುತ್ತ, ಐದೈದು ಸೆಕೆಂಡಿಗೆ ವಿಭವವನ್ನು ಬರೆದು ನಕ್ಷೆ ಎಳೆಯಲು ಹೇಳಿ. ಕಾಲ ಸ್ಥಿರಾಂಕ ಇಲ್ಲಿ 10 ಸೆಕೆಂಡ್. ಹತ್ತನೆಯ ಸೆಕೆಂಡಿನಲ್ಲಿ ವಿಭವ ಸುಮಾರು 3.3 ವೋಲ್ಟಿಗೆ ಇಳಿದಿರಬೇಕು. ಆಮೇಲೆ ಹಾಳಾದ ಯಂತ್ರದಿಂದ ಕಿತ್ತ, ಅದೇ ಬೆಲೆ ಬರೆದಿರುವ ಹಳೆಯ ಧಾರಕದಿಂದ ಪ್ರಯೋಗವನ್ನು ಮತ್ತೆ ಮಾಡಿ. ನಕ್ಷೆ ಬೇಗ ಇಳಿದರೆ ಮಕ್ಕಳೇ ಕಾರಣ ಹೇಳುತ್ತಾರೆ.

ಹಾಗೆಯೇ, ಬೀರುವಿನ ಆ ಪೆಟ್ಟಿಗೆ ನಿಮ್ಮ ಶಾಲೆಯಲ್ಲಿ ನಿಜಕ್ಕೂ ಇದ್ದರೆ ಇಂದೇ ಪ್ಲಗ್ಗಿಗೆ ಹಾಕಬೇಡಿ. ಮೊದಲು ಮುಚ್ಚಳ ತೆಗೆಸಿ, ಆ ಎರಡು ಕಂದು ಧಾರಕಗಳಲ್ಲಿ ಬಿರುಕು ಇದೆಯೇ ಎಂದು ನೋಡಿ.